ಎಪ್ಪತ್ತು ಸಾವಿರ ಅಡಿ, ಹಿಂದಿನ ಸೀಟು

ಬೇಹುಗಾರಿಕೆ ವಿಮಾನದ ಪೈಲಟ್‌ಗಳು ಆಕಾಶದಲ್ಲಿ ಎಷ್ಟೇ ಶೂರರಾಗಿರಲಿ, ನೆಲದ ಮೇಲೆ ತಮ್ಮ ಒತ್ತಡದ ಉಡುಪನ್ನು ತಾವೇ ತೊಡಲಾರದ ಕೂಸುಗಳು. ನೊರೀನ್ ಸ್ಟ್ರಾಡ್ಲಿ ಇಪ್ಪತ್ತೊಂದು ವರ್ಷ ಈ ಕೂಸುಗಳಿಗೆ ಬಟ್ಟೆ ತೊಡಿಸಿದ್ದಳು. ಕೈಗವಸು, ಹೆಲ್ಮೆಟ್ಟು ಎಲ್ಲ ಬಿಗಿದ ಮೇಲೆ ಒಂದು ಗಂಟೆ ಕುರ್ಚಿಯಲ್ಲಿ ಒರಗಿ ಬರೀ ಆಮ್ಲಜನಕ ಉಸಿರಾಡಬೇಕು. ಮೈಯಲ್ಲಿನ ಸಾರಜನಕ ಹೊರಗೆ ಹೋಗದಿದ್ದರೆ ಎತ್ತರದಲ್ಲಿ ಅದು ಗುಳ್ಳೆಯಾಗಿ ಕೀಲಿಗೋ ಮಿದುಳಿಗೋ ನುಗ್ಗುತ್ತದೆ. ಆ ಗಂಟೆಯಲ್ಲಿ ಮುಖದ ಗಾಜನ್ನು ಅರೆಕ್ಷಣ ಎತ್ತಿದರೂ ಗಡಿಯಾರ ಮತ್ತೆ ಸೊನ್ನೆಯಿಂದ ಓಡಬೇಕು. ನೊರೀನ್ ಈ ನಿಯಮ ಮುರಿದದ್ದು ಒಂದೇ ಸಲ.

ಹದಿನಾಲ್ಕು ತಿಂಗಳ ಹಿಂದೆ, ಹನ್ನೊಂದು ನಿಮಿಷ ಬಾಕಿಯಿದ್ದಾಗ ಕ್ಯಾಪ್ಟನ್ ಹ್ಯಾಲ್ವರ್ ಬೆವರೊರೆಸಲು ಗಾಜು ಎತ್ತಿಬಿಟ್ಟ. "ತಡವಾದ್ರೆ ಹಾರಾಟವೇ ರದ್ದು, ನೊರೀನ್. ನೀವೇನೂ ನೋಡಿಲ್ಲ" ಎಂದ. ಅವಳು ಗೋಡೆ ನೋಡಿದಳು. ಒಂಬತ್ತು ಗಂಟೆ ಹಾರಿ ಇಳಿದವನಿಗೆ ಈಗ ಮಗಳ ಹೆಸರು ನೆನಪಿಲ್ಲ, ಬೂಟಿನ ದಾರ ಕಟ್ಟಲು ಹೆಂಡತಿ ಬೇಕು. ವಿಚಾರಣೆಯಲ್ಲಿ ನೊರೀನ್ ಪೂರ್ತಿ ಒಂದು ಗಂಟೆ ಆಗಿತ್ತೆಂದು ಸಹಿ ಹಾಕಿದಳು. ಹೇಡಿತನ, ಬೇರೇನೂ ಅಲ್ಲ.

ನಿವೃತ್ತಿಯ ವಾರದಲ್ಲಿ ನೆಲದ ಕೆಲಸದವರನ್ನು ಎರಡು ಸೀಟಿನ ವಿಮಾನದಲ್ಲಿ ಒಮ್ಮೆ ಮೇಲಕ್ಕೆ ಕರೆದೊಯ್ಯುವುದು ಆ ವಾಯುನೆಲೆಯ ಮರ್ಯಾದೆ. ಅವಳ ಸರದಿ ಬಂತು. ಉಡುಪು ತೊಡಿಸಿದವನು ಜೊತೆಗಾರ ಅಮಾಡೋ.

"ಹೊಟ್ಟೆ ಒಳಗೆಳ್ಕೊಳ್ಳಿ ಮೇಡಂ. ಡೋನಟ್ ಕಮ್ಮಿ ತಿನ್ರೋ ಅಂತ ಪೈಲಟ್‌ಗಳಿಗೆ ಬೈತಿದ್ರಲ್ಲ!"

"ಇಳಿದು ಬರ್ತೀನಿ ತಾಳು, ಆಗ ವಿಚಾರಿಸ್ಕೋತೀನಿ ನಿನ್ನ."

ಒಂಬತ್ತು ನಿಮಿಷ ಬಾಕಿಯಿತ್ತು. ಎರಡು ವಾರದಿಂದ ಕಣಿವೆ ತುಂಬಿದ್ದ ಕಾಳ್ಗಿಚ್ಚಿನ ಹೊಗೆ ಅವಳ ಗಂಟಲಲ್ಲಿ ಬೀಡುಬಿಟ್ಟಿತ್ತು. ಕೆಮ್ಮು ಒತ್ತರಿಸಿ ವಾಂತಿ ಬರುವಂತಾಯಿತು. ಕೈ ತಾನಾಗಿ ಗಾಜು ಎತ್ತಿತು, ಉಗಿದು ಮುಚ್ಚಿದಳು.

ಅಮಾಡೋ ಬಾಗಿಲ ಕಡೆ ನೋಡಿದ. "ಮತ್ತೆ ಮೊದಲಿಂದ ಶುರು ಮಾಡಿದ್ರೆ ಮಧ್ಯಾಹ್ನದ ಗಾಳಿ ಎದ್ದುಬಿಡುತ್ತೆ, ಹಾರೋದು ಆದಂಗೇ. ನಾನೇನೂ ನೋಡಿಲ್ಲ ಬಿಡಿ."

ಬೇಡ ಎನ್ನಬೇಕಿತ್ತು. ಆ ಮಾತು ಎಲ್ಲಿಗೆ ಒಯ್ಯುತ್ತದೆಂದು ಅವಳಷ್ಟು ತಿಳಿದವರು ಬೇರೆ ಯಾರಿದ್ದರು? ಆದರೆ ಇಪ್ಪತ್ತೊಂದು ವರ್ಷದ ಆಸೆ ಬಾಯಿ ಕಟ್ಟಿತು.

ಮುಂದಿನ ಸೀಟಿನಲ್ಲಿ ಮೇಜರ್ ಟೀಗ್. ಅಂದು ಹ್ಯಾಲ್ವರ್‌ನನ್ನು ವಿಮಾನದಲ್ಲಿ ಕೂರಿಸಿ ಆಮ್ಲಜನಕದ ಕೊಳವೆಗಳನ್ನು ತಪಾಸಣೆ ಮಾಡಿದವನು ಅವನೇ. ಏನೋ ಕಣ್ತಪ್ಪಿತೆಂಬ ಕೊರಗಿನಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ.

ಎಪ್ಪತ್ತು ಸಾವಿರ ಅಡಿಯಲ್ಲಿ ಹಾಡಹಗಲೇ ಆಕಾಶ ಕಪ್ಪಾಯಿತು. ಕೆಳಗೆ ಸಿಯೆರಾ ಬೆಟ್ಟಸಾಲು ಮುದುರಿದ ಬಟ್ಟೆಯಂತೆ ಬಿದ್ದಿತ್ತು. ನೊರೀನ್ ಕಣ್ತುಂಬ ನೋಡುವಷ್ಟರಲ್ಲಿ ಎಡ ಮೊಣಕಾಲಿನಲ್ಲಿ ಮೊಳೆ ಹೊಡೆದಂಥ ನೋವು ಎದ್ದಿತು.

"ಹೇಗಿದೀರಿ ಹಿಂದೆ?" ಎಂದ ಟೀಗ್.

"ಚೆನ್ನಾಗಿದೀನಿ."

ನೋವಿದೆ ಎಂದರೆ ತಿರುಗಿಸುತ್ತಾರೆ, ತಿರುಗಿಸಿದರೆ ಗಡಿಯಾರದ ವಿಷಯ ಕೇಳುತ್ತಾರೆ, ಅಮಾಡೋನ ಕೆಲಸ ಹೋಗುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡ ಮೇಲೆಯೇ ಹ್ಯಾಲ್ವರ್ ಅರ್ಥವಾದದ್ದು. ತಲೆ ಸಿಡಿಯುತ್ತಿದ್ದರೂ ಅವನು ತಿರುಗಿ ಬಂದಿರಲಿಲ್ಲ. ಹಟಮಾರಿ ಎಂದು ಇಷ್ಟು ದಿನ ಅವನನ್ನೇ ಬೈದುಕೊಂಡಿದ್ದಳು. ಅವನು ಅವಳನ್ನು ಉಳಿಸುತ್ತಿದ್ದ. ನೊರೀನ್‌ಗೆ ತನ್ನ ಮೇಲೆ ತಡೆಯಲಾರದ ಹೇಸಿಗೆಯಾಯಿತು.

"ಮೇಜರ್, ಸುಳ್ಳು ಹೇಳಿದೆ. ಮೊಣಕಾಲು ನೋಯ್ತಿದೆ. ಗಾಜು ಎತ್ತಿದ್ದು ನಾನೇ, ಸುಮ್ಮನೆ ಹತ್ತಿ ಬಂದಿದ್ದೂ ನಾನೇ. ಹ್ಯಾಲ್ವರ್ ಕೂಡ ಅವತ್ತು ಎತ್ತಿದ್ರು. ಹನ್ನೊಂದು ನಿಮಿಷ ಬಾಕಿ ಇತ್ತು. ನಾನು ಕಳಿಸ್ದೆ."

ಎಂಜಿನ್ನಿನ ಸದ್ದು ತಗ್ಗಿತು. ವಿಮಾನದ ಮೂಗು ಇಳಿಯತೊಡಗಿತು.

"ಕೊಳವೆ ನಾನೇ ತಪ್ಪು ಜೋಡಿಸಿದ್ದೆ ಅಂದ್ಕೊಂಡಿದ್ದೆ. ಹ್ಯಾಲ್ವರ್ ಮಗಳ ಮುಂದೆ ಮಂಡಿಯೂರಿ ಕ್ಷಮೆ ಕೇಳಿದೀನಿ, ನೊರೀನ್. ನೀವು ಅಲ್ಲೇ ನಿಂತಿದ್ರಿ."

ನಿಜ, ನಿಂತಿದ್ದಳು. ಕೈಯಲ್ಲಿ ಹೂಗುಚ್ಛ ಬೇರೆ ಹಿಡಿದಿದ್ದಳು.

"ನೋವು ಹತ್ತಕ್ಕೆ ಎಷ್ಟು?" ಅವನು ಕೇಳಿದ.

"ಆರು."

ಕೆಳಗಿಳಿಯಲು ನಲವತ್ತು ನಿಮಿಷ ಬೇಕು. ಐದೈದು ನಿಮಿಷಕ್ಕೆ ಅವನು ಅದೇ ಪ್ರಶ್ನೆ ಕೇಳಿದ, ಅವಳು ಒಂದು ಅಂಕಿ ಹೇಳಿದಳು. ಹೆಲ್ಮೆಟ್ಟಿನ ಮೈಕು ಆರಿಸಲು ಬರುವಂಥದ್ದಲ್ಲ. ಟೀಗ್ ಅಳುತ್ತಿದ್ದುದು ಕೆಳಗಿನವರೆಗೂ ಅವಳಿಗೆ ಕೇಳಿಸಿತು.