ಮೆತ್ತನೆಯ ಕತ್ತೆ

ಹೆಣಿಗೆ ಗುಂಪಿನವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಆಸ್ಪತ್ರೆಯ ಮಕ್ಕಳಿಗೆಂದು ವಾರಕ್ಕೊಮ್ಮೆ ಕೂತು ಗೊಂಬೆ ಹೆಣೆಯುವ ಹನ್ನೊಂದು ಹೆಂಗಸರಲ್ಲಿ ಆಕೆಯೇ ಹಿರಿಯಳು, ಬಾಯಿಯೂ ಆಕೆಯದೇ ದೊಡ್ಡದು. "ನೈಲಾನ್ ನೂಲು ಮಾತ್ರ. ಆಸ್ಪತ್ರೆಯವರು ಕುದಿಯೋ ನೀರಲ್ಲಿ ಒಗೀತಾರೆ, ಉಣ್ಣೆ ಆದ್ರೆ ಕುಗ್ಗಿಹೋಗುತ್ತೆ" ಎಂದು ಹೊಸಬರ ಕಿವಿ ತೂತು ಬೀಳುವ ಹಾಗೆ ಹೇಳುತ್ತಿದ್ದಳು. ಒಮ್ಮೆ ಒಬ್ಬ ಟೀಚರಮ್ಮ, ಪಾಪ, ಉಣ್ಣೆಯ ಮೊಲ ತಂದಾಗ ಎಲ್ಲರೆದುರೇ ಅದನ್ನು ಕಿವಿಯಿಂದ ಬಾಲದವರೆಗೆ ಬಿಚ್ಚಿಸಿದ್ದಳು.

ಅಂಥವಳೇ ತಪ್ಪಿದಳು. ಮರೆವಿನಿಂದಲ್ಲ, ಅಕ್ಕರೆಯಿಂದ.

ಏಳನೇ ಮಂಚದ ಹುಡುಗಿಗೆ ಐದು ವರ್ಷ, ರಕ್ತದ ಕಾಯಿಲೆ. ಔಷಧಿಯ ಉರಿಗೆ ಅವಳ ಚರ್ಮ ಎಷ್ಟು ನಾಜೂಕಾಗಿತ್ತೆಂದರೆ ಹೊದಿಕೆ ತಾಗಿದರೂ ಮುಖ ಕಿವುಚುತ್ತಿದ್ದಳು. ಕೊಟ್ಟ ನೈಲಾನ್ ಆನೆಯನ್ನು "ಚುಚ್ಚುತ್ತೆ ಅಜ್ಜಿ" ಎಂದು ವಾಪಸ್ ಕೊಟ್ಟಳು.

"ನಂಗೆ ಕತ್ತೆ ಬೇಕು. ಮೆತ್ತಗಿರೋದು. ತಬ್ಕೊಂಡು ಮಲಗೋಷ್ಟು ದೊಡ್ಡದು."

ಮುಂದಿನ ಸೋಮವಾರ, ಸೋಂಕು ತಾಗದ ಹಾಗೆ, ಅವಳನ್ನು ಗಾಜಿನ ಕೋಣೆಗೆ ಸೇರಿಸುವವರಿದ್ದರು. ನಲವತ್ತು ದಿನ ಅಲ್ಲೊಬ್ಬಳೇ. ಹೆತ್ತಮ್ಮನೂ ಒಳಗೆ ಹೋಗುವಂತಿಲ್ಲ. ಒಳಹೋಗುವ ದಿನ ಜೊತೆಗೆ ಒಂದೇ ಒಂದು ಆಟಿಕೆ, ಅದೂ ಆಸ್ಪತ್ರೆಯಲ್ಲೇ ಒಗೆದದ್ದು. ಆಮೇಲೆ ಒಂದು ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ.

ದೊಡ್ಡಮ್ಮ ಮನೆಗೆ ಬಂದು ಪೆಟ್ಟಿಗೆ ತೆಗೆದಳು. ತನಗೇ ಶಾಲು ಹೆಣೆದುಕೊಳ್ಳಲು ಜೋಪಾನ ಮಾಡಿದ್ದ ಬೂದು ಉಣ್ಣೆ ಬೆಣ್ಣೆಯ ಹಾಗಿತ್ತು. ಒಂದು ಸಲ ಕೆನ್ನೆಗೆ ಒತ್ತಿಕೊಂಡಳು ಅಷ್ಟೇ, ನಿಯಮಗಿಯಮ ಎಲ್ಲ ಗಾಳಿಗೆ ಹೋಯಿತು. ಗುಂಪಿನವರಿಗೆ ಗೊತ್ತಾದರೆ ಮರ್ಯಾದೆ ಮೂರು ಕಾಸಾಗುತ್ತದೆಂದು ಮನೆಯಲ್ಲೇ ಕದ್ದುಮುಚ್ಚಿ ಹೆಣೆದಳು. ಜೋತುಬಿದ್ದ ಕಿವಿ, ಗಿಡ್ಡ ಕಾಲು, ಕಪ್ಪು ದಾರದಲ್ಲಿ ಹೊಲಿದ ಸೋಮಾರಿ ಕಣ್ಣು. ಕತ್ತೆ ಎಂದರೆ ಹಾಗಿರಬೇಕು. ಶನಿವಾರ ಅದರ ಕೊರಳಿಗೆ "ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ" ಎಂಬ ಚೀಟಿ ಕಟ್ಟಿ ಆಸ್ಪತ್ರೆಗೆ ಕೊಟ್ಟುಬಂದಳು. ಚೀಟಿಯೊಂದು ಸಾಕು ಎಂದು ಆಕೆ ನಿಜವಾಗಿಯೂ ನಂಬಿದ್ದಳು.

ಸೋಮವಾರ ವಾರ್ಡಿನ ಸಿಸ್ಟರ್ ಆಕೆಯನ್ನು ಬಾಗಿಲಲ್ಲೇ ತಡೆದಳು.

"ಚೀಟಿ ನೋಡಿದ್ದೆ ದೊಡ್ಡಮ್ಮ. ಆದ್ರೆ ತಣ್ಣೀರಲ್ಲಿ ಒಗೆದದ್ದನ್ನ ಆ ಕೋಣೆಗೆ ಬಿಡೋ ಹಾಗಿಲ್ಲ. ನಿಮ್ಮ ಕೈಯಿಂದ ಬಂದದ್ದು, ನೈಲಾನೇ ಇರುತ್ತೆ ಅಂತ ಮಾಮೂಲಿನ ಹಾಗೆ ಹಾಕಿಸ್ಬಿಟ್ಟೆ."

"ಕುಗ್ಗಿ ಎಷ್ಟಾಗಿದೆ?"

ಸಿಸ್ಟರ್ ಮುಷ್ಟಿ ಹಿಡಿದು ತೋರಿಸಿದಳು. "ಗಟ್ಟಿನೂ ಆಗಿದೆ. ಅವಳು ಒಳಗೆ ಹೋಗಿ ಆಯ್ತು, ಅದೂ ಜೊತೆಗೆ ಹೋಯ್ತು. ಬರೀ ಕೈಲಿ ಕಳಿಸೋಕೆ ನಂಗೆ ಮನಸ್ಸಾಗ್ಲಿಲ್ಲ."

"ಇನ್ನೊಂದು ಹೆಣೆದು ತಂದ್ರೆ? ನೈಲಾನಲ್ಲೇ ತರ್ತೀನಿ."

"ಇಲ್ಲ ದೊಡ್ಡಮ್ಮ. ನೀವು ಅತ್ರೂ ಇಲ್ಲ, ನಾನು ಅತ್ರೂ ಇಲ್ಲ."

ಗುಂಪಿನಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವವಳಿಗೆ ಇಲ್ಲಿ ಬೈಯಲು ಯಾರೂ ಇರಲಿಲ್ಲ. ಸಿಸ್ಟರ್ ಮಾಡಿದ್ದು ಸರಿ, ಯಂತ್ರ ಮಾಡಿದ್ದೂ ಸರಿ. ಬಿಚ್ಚಿಸಿದ ಆ ಮೊಲವೂ, ಟೀಚರಮ್ಮನ ಕೆಂಪಾದ ಮುಖವೂ ನೆನಪಾದವು.

ಗಾಜಿನ ಮುಂದೆ ಹುಡುಗಿಯ ತಾಯಿ ಬೆಳಿಗ್ಗೆಯಿಂದ ನಿಂತೇ ಇದ್ದಳು. ಗೋಡೆಯ ಫೋನಿನಲ್ಲಿ "ನೋಡು, ಅಜ್ಜಿ ಬಂದ್ರು" ಎಂದು ಹೇಳಿ ಅದನ್ನು ದೊಡ್ಡಮ್ಮನ ಕೈಗಿತ್ತಳು. ಒಳಗೆ, ದೊಡ್ಡ ಮಂಚದ ಒಂದು ಮೂಲೆಯಲ್ಲಿ ಹುಡುಗಿ ಇನ್ನೊಂದು ಫೋನು ಹಿಡಿದು ಕೂತಿದ್ದಳು. ಮಡಿಲಲ್ಲಿ ಬೂದು ಉಂಡೆಯೊಂದಿತ್ತು. ತಪ್ಪಾಯ್ತು ಕಂದ ಎನ್ನಬೇಕೆಂದೇ ದೊಡ್ಡಮ್ಮ ಗಾಜಿನವರೆಗೆ ಬಂದಿದ್ದಳು.

"ಅಜ್ಜಿ, ಮರಿ ಬಂತು" ಎಂದಳು ಹುಡುಗಿ. "ಇದರಮ್ಮ ಎಲ್ಲಿ?"

"ಆಚೆ ಇದಾಳೆ ಕಂದ."

"ತಬ್ಕೊಳ್ಳೋಷ್ಟು ದೊಡ್ಡವಳಾ?"

"ಹೂಂ."

"ಮೆತ್ತಗಿದಾಳಾ?"

"ಹೂಂ. ಬೆಣ್ಣೆ ಹಾಗೆ."

"ಹಾಗಾದ್ರೆ ಕರ್ಕೊಂಡು ಬನ್ನಿ. ಒಳಗೆ ಬಿಡಲ್ಲ, ನಂಗೊತ್ತು. ಗಾಜಿನ ಹತ್ರ ನಿಲ್ಸಿದ್ರೆ ಸಾಕು. ಇದು ಆಗಿಂದ ಅಮ್ಮ ಬೇಕು ಅಂತ ಅಳ್ತಾ ಇದೆ."

ದೊಡ್ಡಮ್ಮ ಫೋನನ್ನು ತಾಯಿಯತ್ತ ಚಾಚಿದಳು. ಪಕ್ಕದಲ್ಲೇ ಎಲ್ಲ ಕೇಳಿಸಿಕೊಂಡಿದ್ದ ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ತೆಗೆದುಕೊಳ್ಳಲಿಲ್ಲ. ಒಳಗೆ ಹುಡುಗಿ ಫೋನು ಕಿವಿಗೆ ಒತ್ತಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.