ಮಾತಾಡುವಷ್ಟೇ ಬಿಗಿ

ಭದ್ರಾವತಿಯ ಖಾಜಾ ಪೀರ್ ಅವರ ಗ್ಯಾರೇಜಿನಲ್ಲಿ ಎರಡು ಥರದ ಬೆಲ್ಟು. ಒಂದು ಗಾಡಿಗೆ, ಇನ್ನೊಂದು ಯಜಮಾನರ ಸೊಂಟಕ್ಕೆ. ಎರಡು ವರ್ಷದಿಂದ ಸೊಂಟನೋವು. ದಿನಾ ಬೆಳಿಗ್ಗೆ ಹೆಂಡತಿ ನಸೀಬಾ ಬೆಲ್ಟು ಎಳೆದು ಕಟ್ಟುತ್ತಾರೆ. "ಇನ್ನೂ ಬಿಗಿ ಮಾಡು" ಎನ್ನುತ್ತಾರೆ ಇವರು. "ಬಗ್ಗಬೇಡಿ" ಎನ್ನುತ್ತಾರೆ ಆಕೆ. ಪ್ರೀತಿಯಿಂದಲೇ.

ಮನೆಯವರೆಲ್ಲ ನೆಲದ ಮೇಲೆ ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ ಒಟ್ಟಿಗೆ ಉಣ್ಣುವಾಗ ಖಾಜಾ ಪೀರ್ ಒಬ್ಬರೇ ಕುರ್ಚಿಯಲ್ಲಿ. ಆ ಕುರ್ಚಿ ಕಂಡರೆ ಅವರಿಗೆ ಅಳು ಬರುತ್ತಿತ್ತು.

"ಡಾಕ್ಟರು ಹೇಳಿದ್ರಲ್ಲ, ಶಿವಮೊಗ್ಗದ ಫಿಸಿಯೋಥೆರಪಿ ಮೇಡಂಗೆ ತೋರಿಸೋಣ ರೀ."

"ವ್ಯಾಯಾಮ ಮಾಡೋಕೆ ನಾನೇನು ಪೈಲ್ವಾನಾ? ದಿನವಿಡೀ ಗಾಡಿ ಕೆಳಗೆ ಕಸರತ್ತೇ ಅಲ್ವಾ!"

ಆದರೂ ಮುಖ ಊದಿಸಿಕೊಂಡೇ ಬಸ್ಸು ಹತ್ತಿದರು.

ಫಿಸಿಯೋಥೆರಪಿಸ್ಟ್ ಸತ್ಯಭಾಮಾ, ಖಾಜಾ ಪೀರ್ ಅವರ ಹೊಟ್ಟೆಯ ಮೇಲೊಂದು, ಬೆನ್ನಿನ ಮೇಲೊಂದು ಕೈಯಿಟ್ಟು, "ಬಲಗೈ ಎತ್ತಿ" ಎಂದರು. ಖಾಜಾ ಪೀರ್ ಹಲ್ಲು ಕಚ್ಚಿದರು. ಬೆನ್ನು ಕಲ್ಲಾಯಿತು.

"ಬರೀ ಕೈ ಎತ್ತೋಕೆ ಉಸಿರು ಯಾಕೆ ಹಿಡಿದ್ರಿ ಸಾಹೇಬ್ರೇ?"

"ಸೊಂಟ ಲೂಸಾಗಿದೆಯಲ್ಲ ಮೇಡಂ, ಬಿಗಿ ಹಿಡೀಬೇಕು."

"ಲೂಸಾಗಿಲ್ಲ, ಹೆದರಿದೆ. ನೋವು ಹಳೇದಾದಾಗ ಕೆಲವರಲ್ಲಿ ಹೊಟ್ಟೆಯ ಒಳಗಿನ ಸ್ನಾಯು ತಡವಾಗಿ ಕೆಲಸಕ್ಕೆ ಬರುತ್ತೆ. ಹೊರಗಿನವು ಗಾಬರಿಯಿಂದ ಬಿಗಿದುಕೊಂಡು ಸುಸ್ತಾಗ್ತವೆ. ನಟ್ಟು ಬಿಗಿ ಮಾಡ್ತಾನೇ ಹೋದ್ರೆ ಏನಾಗುತ್ತೆ?"

"ಥ್ರೆಡ್ ಹೋಗುತ್ತೆ" ಎಂದವರೇ ನಾಲಿಗೆ ಕಚ್ಚಿಕೊಂಡರು.

ಸತ್ಯಭಾಮಾ ನಕ್ಕು ಹೇಳಿಕೊಟ್ಟರು. ಅಂಗಾತ ಮಲಗಿ ಮಂಡಿ ಮಡಚಬೇಕು. ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಉಸಿರು ನಿಲ್ಲಿಸಬಾರದು. "ಮಾತಾಡೋಕೆ ಆಗ್ತಿಲ್ಲ ಅಂದ್ರೆ ಬಿಗಿ ಹೆಚ್ಚಾಯ್ತು ಅಂತ. ದಿನಾ ನಡೀರಿ. ಬೆಲ್ಟನ್ನ ನಿಧಾನಕ್ಕೆ ಬಿಡೋಣ."

ಮರುದಿನದಿಂದ ವ್ಯಾಯಾಮದ ಹೊತ್ತಿಗೆ, ಬೆಲ್ಟು ಕಟ್ಟುತ್ತಿದ್ದ ಕೈ ಗಂಡನ ಹೊಟ್ಟೆಯ ಮೇಲೆ ಕೂತಿತು.

"ಮಾತಾಡಿ" ಎಂದರು ನಸೀಬಾ.

"ಏನು ಮಾತಾಡ್ಲಿ?"

ಹೌದಲ್ಲ! ಎರಡು ವರ್ಷದಿಂದ ಅವರಿಬ್ಬರ ನಡುವೆ ನೋವಿನ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

"ನನ್ನ ನೋಡೋಕೆ ಬಂದಾಗ ಯಾವ ಬಣ್ಣದ ಶರ್ಟ್ ಹಾಕಿದ್ರಿ?"

"ಬಿಳಿ."

"ಸುಳ್ಳು. ಗ್ರೀಸ್ ಬಣ್ಣ."

ಖಾಜಾ ಪೀರ್ ನಕ್ಕರು. ಆ ನಗು ನಸೀಬಾ ಅವರ ಅಂಗೈಗೆ ತಾಗಿತು. ಆಕೆಯ ಕಣ್ಣು ತುಂಬಿತು.

ಪವಾಡವೇನೂ ಆಗಲಿಲ್ಲ. ಕೆಲವು ದಿನ ನೋವು ಮರಳಿ ಬಂತು, ಬೈದುಕೊಂಡೇ ವ್ಯಾಯಾಮ ಮಾಡಿದರು. ಮೂರನೇ ತಿಂಗಳ ಒಂದು ಮಧ್ಯಾಹ್ನ ಖಾಜಾ ಪೀರ್ ಕುರ್ಚಿಯನ್ನು ಜಗಲಿಯಲ್ಲಿ ಇಟ್ಟು ಬಂದು ದಸ್ತರ್‌ಖಾನ್ ಪಕ್ಕ ನೆಲದ ಮೇಲೆ ಕೂತರು. ಅನ್ನದ ಪಾತ್ರೆಗೆ ಕೈ ಚಾಚಿದರು.

"ಬಗ್ಗ..." ಎಂದ ನಸೀಬಾ ಮಾತು ನುಂಗಿಕೊಂಡರು. ಆಮೇಲೆ ಹೇಳಿದರು: "ಬಗ್ಗಿ. ನೀವೇ ಬಡಿಸ್ಕೊಳ್ಳಿ."

ಹಳೆಯ ಸೊಂಟನೋವಿರುವ ಅಣ್ಣ, ಅಕ್ಕಂದಿರೇ, ನೋವಿಗೆ ಹೆದರಿ ಮೂಲೆ ಹಿಡಿಯಬೇಡಿ. ಫಿಸಿಯೋಥೆರಪಿಸ್ಟ್ ಬಳಿ ನಿಮಗೆ ತಕ್ಕ ವ್ಯಾಯಾಮ ಕಲಿಯಿರಿ. ಕಾಲು ಮರಗಟ್ಟಿದರೆ, ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಯವರೇ, "ಬಗ್ಗಬೇಡಿ" ಎನ್ನುವ ಮೊದಲು ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿ.