ಹಗ್ಗದ ಮೇಲೆ ಎರಡೇ ಮಾತು

ಕಿವಿಗೆ ಬೂಚು ಹಾಕಿಕೊಂಡವನ ಹತ್ತಿರ ಮಾತಾಡುವುದೆಂದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಅಂದುಕೊಂಡಿದ್ದೆ. ಬೀರಲಿಂಗಪ್ಪ ಅದನ್ನೂ ಸುಳ್ಳು ಮಾಡಿ ಹೋದ.

ಬೀರ್ಯಾ ನನ್ನ ಸಾಲಿ ಗೆಳೆಯ. ರವಿವಾರ ಬಂತೆಂದರೆ ನಾವಿಬ್ಬರೂ ಹಗ್ಗ ಹೆಗಲಿಗೇರಿಸಿ ಬಾದಾಮಿಯ ಹಿಂದಿನ ಕೆಂಪು ಬಂಡೆಗಳಿಗೆ ಹೋಗುತ್ತಿದ್ದೆವು. ಹೊರಗಿನಿಂದ ಬರುವ ಹುಡುಗರು ಅದಕ್ಕೆ ಕ್ಲೈಂಬಿಂಗ್ ಅನ್ನುತ್ತಾರೆ. ನಮ್ಮವ್ವ ಇದ್ದಾಗ ಮಂಗ್ಯಾನಾಟ ಅನ್ನುತ್ತಿದ್ದಳು. ವಾರದ ಉಳಿದ ದಿನ ನಾನು ನನ್ನ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತೇನೆ. ಗಿರಾಕಿ ಬಂದು ‘ಆತೇನ್ರಿ ನಾಗಲಿಂಗಣ್ಣಾರ?’ ಅನ್ನುತ್ತಾನೆ, ನಾನು ‘ಆಗಿಲ್ರಿ’ ಅನ್ನುತ್ತೇನೆ. ಮಾತುಕತೆ ಮುಗಿಯಿತು. ಹಿಂದಿನ ಖೋಲಿಯಲ್ಲಿ ಒಬ್ಬನೇ ಅನ್ನ ಮಾಡಿಕೊಂಡು, ಒಬ್ಬನೇ ಉಂಡು, ಒಬ್ಬನೇ ತಾಟು ತೊಳೆಯುತ್ತೇನೆ. ರವಿವಾರವೊಂದಿತ್ತು, ಅದಕ್ಕೇ ಉಳಿದ ವಾರ ನಡೆಯುತ್ತಿತ್ತು.

ಏರುವವನು ಬೀರ್ಯಾ, ಹಗ್ಗ ಹಿಡಿಯುವವನು ನಾನು. ಹಗ್ಗದ ಒಂದು ತುದಿ ಅವನ ನಡುವಿಗೆ. ಬಂಡೆಗೆ ಬಡಿದ ಕೊಂಡಿಗಳಿಗೆ ಅದನ್ನು ಸಿಕ್ಕಿಸುತ್ತಾ ಅವನು ಮೇಲೇರಿದರೆ, ಕೆಳಗೆ ಇನ್ನೊಂದು ಕಡೆ ನನ್ನ ಬೆಲ್ಟಿನ ಕೊಂಡಿಯಿಂದ ಹಾದು ನನ್ನ ಕೈಯಲ್ಲಿರುತ್ತದೆ. ಅವನು ‘ಹಿಡಿ’ ಅಂದರೆ ಬಿಗಿ ಹಿಡಿದು ‘ಹಿಡದೇನಿ’ ಅನ್ನಬೇಕು. ‘ಬಿಡು’ ಅಂದರೆ ಸಡಿಲ ಬಿಡಬೇಕು. ಹಗ್ಗದ ಮೇಲಿದ್ದಾಗ ಬೇರೆ ಮಾತು ಇಲ್ಲ. ಆ ಕಾಯ್ದೆ ಮಾಡಿದವನು ನಾನೇ.

ಆದರೆ ಮೇಲೆ ಗಾಳಿ. ಎಷ್ಟು ಒದರಿದರೂ ಅರ್ಧ ಮಾತು ಬನಶಂಕರಿ ಕಡೆ ಹಾರಿಹೋಗುತ್ತಿತ್ತು. ಅದಕ್ಕೆಂದು ಬೀರ್ಯಾ ಎಲುಬಿನ ಹೆಡ್‌ಫೋನ್ ತಂದ. ಅದು ಕಿವಿಯೊಳಗೆ ಹೋಗುವುದಿಲ್ಲ, ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೂತು ಅಲ್ಲಿಂದಲೇ ದನಿ ಒಳಗೆ ಕಳಿಸುತ್ತದೆ. ನಾನು ಕೆಳಗೆ ಅವನಿಗೆ ಕಾಲ್ ಮಾಡಿ, ಅಂಗಿಯ ಕಿಸೆಯಲ್ಲಿ ಫೋನಿಟ್ಟು ಸ್ಪೀಕರ್ ಹಚ್ಚಿಕೊಂಡು ಮಾತಾಡಬೇಕು. ಅವನ ಕಿವಿ ತೆರೆದೇ ಇದ್ದದ್ದರಿಂದ ಗಾಳಿಯ ಗದ್ದಲದಲ್ಲಿ ಅದೂ ಮುಳುಗಿತು. ‘ಎಲುಬಿಗೆ ಹೇಳಿದ್ರೂ ನಿನಗ ಕೇಳಂಗಿಲ್ಲಲೇ’ ಎಂದು ಬೈದೆ.

ಮುಂದಿನ ಸಲ ಅವನು ಕಿತ್ತಳೆ ಬಣ್ಣದ ಎರಡು ಮೆತ್ತನೆಯ ಬೂಚು ತಂದು ಕಿವಿಗೆ ತುರುಕಿಕೊಂಡ. ಗಾಳಿ ಹೊರಗೆ ಉಳಿಯಿತು, ಎಲುಬಿನ ದನಿ ಒಳಗೆ ಉಳಿಯಿತು.

‘ನಾಗ್ಯಾ! ನೀ ನನ್ನ ತಲಿಯೊಳಗ ಕುಂತು ಮಾತಾಡಿದಂಗ ಆಗ್ತೈತಲ್ಲೋ! ಉಸಿರು ಸೈತ ಕೇಳ್ತೈತಿ!’

ಖುಷಿಯಿಂದ ನಕ್ಕೆ. ಕೆಳಗಿಳಿದ ಮೇಲೆ, ಬೂಚು ಎಲ್ಲಿಂದ ತಂದಿ ಎಂದು ಕೇಳಿದೆ.

‘ಮರೋಳದ ಪಂಪ್‌ಹೌಸಿನಾಗ ಕೊಟ್ರು. ಅಲ್ಲಿ ಮೋಟರ್ ಸಪ್ಪಳ ಭಾಳ. ಕೆಲಸ ಸಿಕ್ಕೈತೋ. ಅಂಜನಾನ ತವರು ಹುನಗುಂದನಽ ಅಲ್ಲೇನು, ಹೆರಿಗಿಗೂ ಅನುಕೂಲ. ಅಲ್ಲೇ ಮನಿ ಮಾಡ್ತೇವಿ.’ ಸ್ವಲ್ಪ ತಡೆದು ಹೇಳಿದ: ‘ಇನ್ನ ಹಗ್ಗ ಮುಟ್ಟಂಗಿಲ್ಲ ಅಂತ ಆಕಿಗೆ ಮಾತು ಕೊಟ್ಟೇನಿ. ಬರೋ ರವಿವಾರ ಒಂದಽ.’

ಅವನ ಹೆಂಡತಿ ಅಂಜನಾಳ ಮೇಲೆ ಸಿಟ್ಟು ಮಾಡೋಣವೆಂದರೆ, ಹಬ್ಬ ಬಂದಾಗ ಶೇಂಗಾ ಹೋಳಿಗೆ ಕಟ್ಟಿ ನನಗೆಂದು ಕಳಿಸುವವಳು ಅವಳೊಬ್ಬಳೇ. ಅವನ ಮೇಲೆ ಸಿಟ್ಟಾಗೋಣವೆಂದರೆ, ತಂದೆಯಾಗುವವನು ಬಂಡೆಗೆ ಜೋತುಬೀಳಬೇಕು ಅನ್ನಲು ನಾನೇನು ರಾಕ್ಷಸನೇ? ಕಡೆಗೆ ಬೂಚಿನ ಮೇಲೆ ಸಿಟ್ಟು ಬಂತು.

ಕಡೆಯ ರವಿವಾರ ಅವನು ಅರ್ಧ ಬಂಡೆ ಏರಿದ್ದ. ಒಂದು ಸಂದಿನಲ್ಲಿ ಕೈ ಸಿಕ್ಕಿಸಿ ದಣಿವಾರಿಸಿಕೊಳ್ಳುತ್ತಿದ್ದ. ಎದುರಿಗೆ ನಿಂತು ಎಂದೂ ಹೇಳಲಾಗದ್ದನ್ನು, ಮುಖ ಕಾಣದ ಧೈರ್ಯದಲ್ಲಿ, ಕಿಸೆಯ ಫೋನಿಗೆ ಹೇಳಿಬಿಟ್ಟೆ.

‘ಬೀರ್ಯಾ, ಹೋಗಬ್ಯಾಡೋ.’

‘ಬಿಡೋ ನಾಗ್ಯಾ...’

ವರ್ಷಗಟ್ಟಲೆ ಪಳಗಿದ ಕೈ. ‘ಬಿಡು’ ಎಂದದ್ದೇ ತಡ, ಮಾರುದ್ದ ಹಗ್ಗ ಬಿಟ್ಟಿತು. ಅದೇ ಗಳಿಗೆಗೆ ಅವನ ಕಾಲು ಜಾರಿತು. ದೊಪ್ಪನೆ ಬಿದ್ದು, ಹಗ್ಗಕ್ಕೆ ಜೋತು, ಬಂಡೆಗೆ ಮೊಣಕೈ ತೀಡಿಕೊಂಡು ತೂಗಾಡಿದ.

‘ಎಲೇ ಮಗನಽ! ಆ ಮಾತು ಬಿಡು ಅಂದೆ, ಹಗ್ಗ ಅಲ್ಲೋ!’

‘ಹಗ್ಗದ ಮ್ಯಾಲ ಬಿಡು ಅಂದ್ರ ಹಗ್ಗನಽ!’

‘ಹಂಗಾರ ಹಗ್ಗದ ಮ್ಯಾಲ ಹೋಗಬ್ಯಾಡ ಅಂದಾಂವ ಯಾರೋ?’

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು. ಅವನು ನಕ್ಕ, ಮತ್ತೆ ಏರಿದ, ತುದಿಯ ಕೊಂಡಿ ಮುಟ್ಟಿದ.

‘ಹಿಡಿ.’

‘ಹಿಡದೇನಿ.’

ಹಿಂದಕ್ಕೆ ಒರಗಿ ಕೂತ. ಅವನ ಭಾರವೆಲ್ಲ ನನ್ನ ನಡುವಿಗೆ ಬಂತು.

‘ಆತು. ಬಿಡು.’

ಈ ಸಲ ಅದು ಹಗ್ಗವೇ, ಸಂಶಯವೇ ಇರಲಿಲ್ಲ. ಬಿಡುತ್ತಾ ಹೋದರೆ ಇಳಿಯುತ್ತಾನೆ, ಗಂಟು ಬಿಚ್ಚುತ್ತಾನೆ, ಹುನಗುಂದದ ಬಸ್ಸು ಹತ್ತುತ್ತಾನೆ. ನಾನು ಬಿಡಲಿಲ್ಲ.

‘ನಾಗ್ಯಾ, ಬಿಡೋ. ಹಗ್ಗ ಸಿಕ್ಕೊಂಡೈತೇನು?’

‘ಇಲ್ಲ. ತಡಿ ಒಂದೀಟು.’

ಅಷ್ಟು ಅನ್ನುವಷ್ಟರಲ್ಲಿ ಅಳು ಬಂತು, ಹೌದು, ಗಂಡಸಿನ ಅಳುವೇ. ನುಂಗಲು ನೋಡಿದೆ. ಕಿಸೆಯ ಫೋನು ಎದೆಗೆ ಅಂಟಿಕೊಂಡೇ ಇತ್ತು, ಸಿಂಬಳ ಎಳೆದದ್ದನ್ನೂ ಬಿಡದೆ ಮೇಲೆ ಮುಟ್ಟಿಸುತ್ತಿತ್ತು.

ಬೀರ್ಯಾ ಬಂಡೆಗೆ ಪಾದ ಊರಿ ಊರ ಕಡೆ ಹೊರಳಿದ. ಆಮೇಲೆ ಮೆಲ್ಲಗೆ ಅಂದ:

‘ಇಲ್ಲಿಂದ ಹೊಂಡ ಭಾಳ ಛಲೋ ಕಾಣ್ತೈತೋ. ಅರಿಬಿ ಒಗಿಯಾಕ ಮಂದಿ ಬಂದಾರ. ನೋಡ್ಕೋತ ಕುಂದರ್ತೇನಿ. ನಿನಗ ಆದಾಗ ಬಿಡು.’

ಆ ಬೆಲ್ಟಿನಲ್ಲಿ ಜೋತು ಕೂರುವುದೆಂದರೆ ತೊಡೆ ಕತ್ತರಿಸಿದಂತಾಗುತ್ತದೆ, ನನಗೆ ಗೊತ್ತು. ಅಳು ನಿಂತ ಮೇಲೆ ಕೇಳಿದೆ:

‘ಕಾಲು ಜೋಮು ಹಿಡದಾವೇನು?’

‘ಹಿಡದಾವು.’

‘ಮತ್ತ ಹೇಳಬಾರದೇನೋ ಹುಚ್ಚ?’

‘ಹಗ್ಗದ ಮ್ಯಾಲ ಎರಡಽ ಮಾತು ಅಂದಾಂವ ನೀನಽ ಅಲ್ಲೇನು.’

ಬಿಟ್ಟೆ. ನಿಧಾನಕ್ಕೆ, ಗೇಣು ಗೇಣಾಗಿ. ಇಳಿದವನು ನನ್ನ ಮುಖ ನೋಡಲಿಲ್ಲ. ಗಂಟು ಬಿಚ್ಚಿ, ಬೂಚು ತೆಗೆದು ನನ್ನ ಅಂಗೈಯಲ್ಲಿಟ್ಟು, ‘ಅಲ್ಲಿ ಬ್ಯಾರೆ ಕೊಡ್ತಾರ. ಬರ್ತೇನಿ’ ಎಂದು ಹೊರಟ.

ನಿನ್ನೆ ರವಿವಾರ. ಅಂಗಡಿಯ ಬಾಗಿಲು ಎಳೆದುಕೊಂಡು ಕೂತು ಆ ಬೂಚು ಹಾಕಿಕೊಂಡೆ. ಬಜಾರದ ಸಪ್ಪಳ ಅಡಗಿ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳಿಸಿತು. ಅವತ್ತು ಅವನಿಗೂ ಇಷ್ಟೇ ಹತ್ತಿರದಿಂದ ಕೇಳಿಸಿರಬೇಕು.

‘ಹಿಡಿ’ ಅಂದೆ, ಜೋರಾಗಿಯೇ. ತಲೆಯ ತುಂಬ ನನ್ನ ದನಿಯೇ ತಿರುಗಿತು. ‘ಹಿಡದೇನಿ’ ಅನ್ನುವವರು ಯಾರೂ ಇರಲಿಲ್ಲ.